ಹಗೆಯ ನೆಲದಲ್ಲಿ ಒಲುಮೆ

ಕುಮಟೆಯಿಂದ ಅಂಕೋಲೆಯ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ, ಮಿರ್ಜಾನವನ್ನು ದಾಟಿದ ಮೇಲೆ ಹಿರೇಗುತ್ತಿ ಎಂಬ ಊರು ಸಿಗುತ್ತದೆ. ಗುಡ್ಡ, ಗದ್ದೆ, ತೆಂಗು, ಹಿನ್ನೀರು ಇವೆಲ್ಲವೂ ಒಂದರ ಪಕ್ಕದಲ್ಲಿ ಒಂದು ಸೇರಿಕೊಂಡಿರುವ ಸೀಮೆ ಅದು. ಸುಗ್ಗಿ ಮುಗಿದು ಗದ್ದೆಗಳು ಬರಿದಾದೊಡನೆ ಈ ಸೀಮೆಯ ಊರುಗಳಲ್ಲಿ ಬಯಲಾಟದ ಚಂಡೆಯ ದನಿ ಕೇಳತೊಡಗುತ್ತದೆ. ಆ ದನಿ ಕಿವಿಗೆ ಬಿದ್ದ ಮೇಲೆ ಮನೆಯಲ್ಲಿ ಕುಳಿತಿರುವುದು ಅಲ್ಲಿಯ ಜನಕ್ಕೆ ಕಷ್ಟ. ಚಾಪೆ, ಕಂಬಳಿ, ಎಲೆಯಡಿಕೆಯ ಚೀಲಗಳನ್ನು ಹಿಡಿದು ಹಿರಿಯರೂ ಕಿರಿಯರೂ ಬಯಲಿನ ಕಡೆಗೆ ಹೊರಟುಬಿಡುತ್ತಾರೆ.

ಅವರಲ್ಲಿ ಕಥೆ ಗೊತ್ತಿಲ್ಲದವರು ಯಾರೂ ಇಲ್ಲ. ಪ್ರಸಂಗ ಗದಾಯುದ್ಧವೆಂದಾದರೆ, ಭೀಮ ಗೆಲ್ಲುತ್ತಾನೆ, ದುರ್ಯೋಧನ ತೊಡೆ ಮುರಿದು ಬೀಳುತ್ತಾನೆ ಎಂಬುದು ಅಂಬೆಗಾಲಿಡುವ ಮಗುವೊಂದನ್ನು ಬಿಟ್ಟು ಉಳಿದ ಎಲ್ಲರಿಗೂ ತಿಳಿದಿದೆ. ಆದರೂ ಬೆಳಗಿನ ಜಾವದವರೆಗೆ ಕಣ್ಣು ಮುಚ್ಚದೆ ಕುಳಿತಿರುತ್ತಾರೆ. ಕೊನೆಗೆ ಮುದುಕಿಯರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ. ಆ ಕಣ್ಣೀರು ಗೆದ್ದ ಭೀಮನಿಗಾಗಿ ಅಲ್ಲ, ಬಿದ್ದ ದುರ್ಯೋಧನನಿಗಾಗಿ. ಭೀಮನ ಊಟದಲ್ಲಿ ವಿಷ ಬೆರೆಸಿದವನು ಅವನು. ಅರಗಿನ ಮನೆ ಕಟ್ಟಿಸಿದವನು ಅವನು. ತುಂಬಿದ ಸಭೆಗೆ ದ್ರೌಪದಿಯನ್ನು ಎಳೆಸಿದವನೂ ಅವನೇ. ಅಂಥವನಿಗಾಗಿ ಕಣ್ಣೀರು ಏಕೆ?

ಈ ಪ್ರಶ್ನೆ ಹಿರೇಗುತ್ತಿಯ ಒಬ್ಬ ಹುಡುಗನನ್ನೂ ಕಾಡಿತ್ತು. ಅವನು ಆಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದನು. ಅವನ ಮನೆಯಲ್ಲಿ ಎರಡು ವರ್ಷಗಳಿಂದ ಒಂದು ಮೌನ ನೆಲೆಸಿತ್ತು. ಅಘನಾಶಿನಿಯ ಹಿನ್ನೀರಿನ ಅಂಚಿನಲ್ಲಿ ಅವರಿಗೆ ಸ್ವಲ್ಪ ಗಜನಿ ಭೂಮಿ ಇತ್ತು. ಉಬ್ಬರದ ಉಪ್ಪುನೀರನ್ನು ಒಡ್ಡು ಹಾಕಿ ತಡೆದು, ಮಳೆಗಾಲದಲ್ಲಿ ಮಾತ್ರ ಬೆಳೆ ತೆಗೆಯುವ ನೆಲಕ್ಕೆ ಅಲ್ಲಿ ಗಜನಿ ಎನ್ನುತ್ತಾರೆ. ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಬತ್ತದ ತಳಿ ಈ ನೆಲದ ಬೆಳೆ. ಹುಡುಗನ ತಂದೆಗೂ ಚಿಕ್ಕಪ್ಪನಿಗೂ ಪಾಲಾದಾಗ, ನಡುವಿನ ಒಂದು ಕಿರಿದಾದ ಪಟ್ಟಿ ಯಾರದೆಂಬ ವಿಷಯದಲ್ಲಿ ಮಾತು ಬೆಳೆಯಿತು. ಮಾತು ಜಗಳವಾಯಿತು, ಜಗಳ ಕುಮಟೆಯ ನ್ಯಾಯಾಲಯದ ಮೆಟ್ಟಲು ಹತ್ತಿತು. ಆ ಪಟ್ಟಿಯ ತುದಿಯಲ್ಲಿ ಒಡ್ಡು ಒಡೆದಾಗ, ಅದನ್ನು ಕಟ್ಟುವ ಹೊಣೆ ತನ್ನದಲ್ಲವೆಂದು ಅಣ್ಣ ಸುಮ್ಮನಾದನು. ತನ್ನದಲ್ಲವೆಂದು ತಮ್ಮನೂ ಸುಮ್ಮನಾದನು. ಅಮಾವಾಸ್ಯೆಯ ಉಬ್ಬರದಲ್ಲಿ ನುಗ್ಗಿದ ಉಪ್ಪುನೀರಿಗೆ ಯಾರ ಪಾಲು ಯಾವುದೆಂಬುದು ತಿಳಿಯಲಿಲ್ಲ. ಎರಡೂ ಗದ್ದೆಗಳು ಬೀಳುಬಿದ್ದವು. ಇಬ್ಬರಿಗೂ ತಾಯಿಯಾದ ಅಜ್ಜಿ ಒಂದು ತಿಂಗಳು ಈ ಮನೆಯಲ್ಲಿ, ಒಂದು ತಿಂಗಳು ಆ ಮನೆಯಲ್ಲಿ ಉಂಡುಕೊಂಡು, ಯಾರ ಪರವಾಗಿಯೂ ಮಾತನಾಡದೆ ದಿನ ಕಳೆಯುತ್ತಿದ್ದಳು.

ಆ ವರ್ಷ ಕನ್ನಡ ತರಗತಿಯಲ್ಲಿ ರನ್ನನ ಗದಾಯುದ್ಧದ ಒಂದು ಭಾಗ ಪಾಠವಾಗಿತ್ತು. ಮಾಸ್ತರರು ಪದ್ಯಗಳನ್ನು ರಾಗವಾಗಿ ಓದಿ ಅರ್ಥ ಹೇಳುತ್ತಿದ್ದಂತೆ ಹುಡುಗನು ಎದ್ದು ನಿಂತು ಕೇಳಿದನು: “ಸರ್, ದುರ್ಯೋಧನ ಕೆಟ್ಟವನಲ್ಲವೇ? ಅವನ ದುಃಖವನ್ನು ನಾವು ಏಕೆ ಓದಬೇಕು?”

ಮಾಸ್ತರರು ನಕ್ಕು, ಈ ಪ್ರಶ್ನೆ ಇಂದಿನದಲ್ಲವೆಂದು ಹೇಳಿದರು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಸ್ ದೇಶದ ತತ್ತ್ವಜ್ಞಾನಿ ಅರಿಸ್ಟಾಟಲನು ಇದನ್ನು ಕುರಿತು ಆಲೋಚಿಸಿದ್ದನು. ಪೂರ್ಣವಾಗಿ ದುಷ್ಟನಾದವನು ಬಿದ್ದರೆ ನೋಡುವವರಲ್ಲಿ ಕರುಣೆಯೂ ಹುಟ್ಟದು, ಭಯವೂ ಹುಟ್ಟದು. ನಮ್ಮಂತೆಯೇ ಗುಣದೋಷಗಳೆರಡೂ ಉಳ್ಳವನೊಬ್ಬನು ತನ್ನದೇ ತಪ್ಪಿನಿಂದ ಎತ್ತರದಿಂದ ಬಿದ್ದಾಗ ಮಾತ್ರ ಮನಸ್ಸು ಕಲಕುತ್ತದೆ. ಇಂತಹ ನಾಟಕವನ್ನು ಕನ್ನಡದಲ್ಲಿ ರುದ್ರನಾಟಕವೆಂದು ಕರೆದರು.

ಕನ್ನಡದಲ್ಲಿ ಇದರ ಬೀಜ ಸುಮಾರು ಸಾವಿರ ವರ್ಷಗಳ ಹಿಂದೆಯೇ ಬಿದ್ದಿತ್ತು. ರನ್ನನು ಹುಟ್ಟಿದ್ದು 949ರಲ್ಲಿ, ಮುದುವೊಳಲಿನಲ್ಲಿ, ಎಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ. ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಕವಿ ಚಾಲುಕ್ಯರ ಆಸ್ಥಾನವನ್ನು ಸೇರಿ, ತನ್ನ ಒಡೆಯನಾದ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಕಾವ್ಯ ಬರೆದನು. ಅದಕ್ಕೆ ‘ಸಾಹಸಭೀಮ ವಿಜಯ’ ಎಂದೇ ಹೆಸರು. ಹೆಸರು ಭೀಮನದು, ಗೆಲುವೂ ಭೀಮನದು. ಓದುವವರ ಮನಸ್ಸನ್ನು ಮಾತ್ರ ದುರ್ಯೋಧನನು ಸೆರೆಹಿಡಿದನು. ಇದನ್ನು ಕಂಡ ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಆ ಕಾವ್ಯದ ಪದ್ಯಗಳನ್ನೇ ಆಯ್ದು ಜೋಡಿಸಿ ‘ಗದಾಯುದ್ಧ ನಾಟಕಂ’ ಎಂಬ ರುದ್ರನಾಟಕವನ್ನು ರೂಪಿಸಿದರು. ಮೂರು ವರ್ಷಗಳ ಅನಂತರ, 1929ರಲ್ಲಿ, ಗ್ರೀಕ್ ಕವಿ ಸೊಫೊಕ್ಲಿಸನ ‘ಅಜಾಕ್ಸ್’ ನಾಟಕದ ಜಾಡಿನಲ್ಲಿ ಅವರದೇ ‘ಅಶ್ವತ್ಥಾಮನ್’ ಹೊರಬಂದಿತು.

“ಇದು ಯುದ್ಧದ ನಾಟಕವೆಂದು ಮಾತ್ರ ತಿಳಿಯಬೇಡಿ. ಇದರಲ್ಲಿ ಎಷ್ಟು ಬಗೆಯ ಪ್ರೀತಿಗಳಿವೆ ಎಂಬುದನ್ನು ಎಣಿಸಿಕೊಂಡು ಬನ್ನಿ” ಎಂದು ಹೇಳಿ ಮಾಸ್ತರರು ಅಂದಿನ ಪಾಠವನ್ನು ಮುಗಿಸಿದರು.

ಹುಡುಗನು ಎಣಿಸತೊಡಗಿದನು. ಮೊದಲನೆಯದು ತಂದೆತಾಯಿಯರ ಪ್ರೀತಿ. ಮಕ್ಕಳನ್ನೆಲ್ಲ ಕಳೆದುಕೊಂಡ ಧೃತರಾಷ್ಟ್ರ ಗಾಂಧಾರಿಯರು ಉಳಿದ ಒಬ್ಬನನ್ನಾದರೂ ಉಳಿಸಿಕೊಳ್ಳಲು ರಣಭೂಮಿಗೆ ಬಂದು, ಪಾಂಡವರೊಡನೆ ಸಂಧಿ ಮಾಡಿಕೊಳ್ಳೆಂದು ಬೇಡುತ್ತಾರೆ. ಈ ಪ್ರೀತಿಯಲ್ಲಿ ಕೊರತೆಯೇನೂ ಇಲ್ಲ. ಆದರೆ ಬೇಡವೆಂದು ಹೇಳಬೇಕಾಗಿದ್ದ ಹೊತ್ತಿನಲ್ಲಿ ತಂದೆ ಹೇಳಿರಲಿಲ್ಲ. ಮಗನು ಜೂಜಾಡಿದಾಗ ತಡೆಯಲಿಲ್ಲ, ಸೊಸೆಯ ಮಾನ ಹೋಗುತ್ತಿದ್ದಾಗ ತಡಮಾಡಿದನು. ಧೃತರಾಷ್ಟ್ರನ ಕುರುಡು ಕಣ್ಣಿಗಿಂತ ಪ್ರೀತಿಗೆ ಹೆಚ್ಚಾಗಿತ್ತು. ಕಾಲ ಮೀರಿ ಬಂದ ಬುದ್ಧಿಮಾತು ಎಷ್ಟು ಸವಿಯಾಗಿದ್ದರೂ ಕೇಳುವ ಕಿವಿಗೆ ತಲಪುವುದಿಲ್ಲ.

ಎರಡನೆಯದು ಗುರುಹಿರಿಯರ ಮೇಲಿನ ಪ್ರೀತಿ. ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ನಿನ್ನೆಯವರೆಗೆ ಹನ್ನೊಂದು ಅಕ್ಷೌಹಿಣಿ ಸೇನೆಗೆ ಒಡೆಯನಾಗಿದ್ದವನಿಗೆ ಈಗ ಜೊತೆಗಿರುವವನು ಒಬ್ಬನೇ. ದಾರಿಯಲ್ಲಿ ಬಿದ್ದಿರುವ ದ್ರೋಣನ ದೇಹವನ್ನು ಕಂಡು ಅವನು ನಿಲ್ಲುತ್ತಾನೆ, ಕೈಮುಗಿಯುತ್ತಾನೆ. ಅಧಿಕಾರದಲ್ಲಿದ್ದಾಗ ಈ ಹಿರಿಯರನ್ನು ಅವನು ಚುಚ್ಚಿ ಮಾತನಾಡಿದ್ದುಂಟು. ಈಗ ಅವರ ಹಿರಿಮೆ ಕಣ್ಣಿಗೆ ಕಾಣುತ್ತದೆ.

ಮೂರನೆಯದನ್ನು ಯಾರೂ ನಿರೀಕ್ಷಿಸಿರಲಾರರು. ಮುಂದೆ ಬಿದ್ದಿರುವುದು ಅಭಿಮನ್ಯುವಿನ ದೇಹ. ಅವನು ಹಗೆಯ ಮಗ. ಅವನನ್ನು ಒಬ್ಬಂಟಿಗನನ್ನಾಗಿ ಮಾಡಿ ಹಲವರು ಸೇರಿ ಕೊಂದದ್ದು ದುರ್ಯೋಧನನ ಕಡೆಯವರೇ. ಆದರೂ ಆ ಎಳೆಯನ ಮುಂದೆ ದುರ್ಯೋಧನನು ಹಗೆತನವನ್ನು ಮರೆಯುತ್ತಾನೆ. ಅವನನ್ನು ಹಡೆದ ತಾಯಿಯನ್ನು ಹೊಗಳುತ್ತಾನೆ; ಅವನ ಸಾಹಸದ ಒಂದು ಪಾಲಾದರೂ ತನ್ನ ಸಾವಿಗೆ ದೊರೆಯಲೆಂದು ಹಾರೈಸುತ್ತಾನೆ. ಮಗನಲ್ಲದವನನ್ನು ಮಗನಂತೆ ನೋಡಿದ ಕ್ಷಣ ಅದು.

ಆಮೇಲೆ ಅವನ ಸ್ವಂತ ಮಗ ಲಕ್ಷಣಕುಮಾರನಿದ್ದಾನೆ. ಸತ್ತ ತಂದೆಗೆ ಮಗನು ಎಳ್ಳುನೀರು ಬಿಡುವುದು ಲೋಕದ ಕ್ರಮ. ಇಲ್ಲಿ ಆ ಕ್ರಮ ತಲೆಕೆಳಗಾಗಿದೆ ಎಂದು ತಂದೆ ಕೊರಗುತ್ತಾನೆ. ಮಗುವನ್ನು ಕಳೆದುಕೊಂಡ ಯಾವ ಮನೆಯವರೂ ಈ ಮಾತಿಗೆ ಅರ್ಥ ಕೇಳುವುದಿಲ್ಲ.

ದುಶ್ಶಾಸನನ ದೇಹದ ಬಳಿ ಅಣ್ಣನ ದುಃಖ ಕಟ್ಟೆಯೊಡೆಯುತ್ತದೆ. ಹುಟ್ಟಿನಲ್ಲಿ, ತಾಯಿಯ ಹಾಲಿನಲ್ಲಿ, ಎಲ್ಲದರಲ್ಲಿಯೂ ತಾನು ಮೊದಲು, ತಮ್ಮನು ಆಮೇಲೆ. ಸಾವಿನಲ್ಲಿ ಮಾತ್ರ ತಮ್ಮನು ಈ ಕ್ರಮವನ್ನು ಮೀರಿದನಲ್ಲಾ ಎಂದು ಅವನು ಹಲುಬುತ್ತಾನೆ. ಪಾಠದಲ್ಲಿ ಈ ಭಾಗ ಬಂದಾಗ ಹುಡುಗನು ಪುಸ್ತಕದಿಂದ ತಲೆಯೆತ್ತಲಿಲ್ಲ. ಅವನ ತಂದೆ ಮತ್ತು ಚಿಕ್ಕಪ್ಪ ಹಿಂದೆ ಒಂದೇ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದುದನ್ನು ಅವನು ಕಂಡಿದ್ದನು.

ಇನ್ನು ಕರ್ಣ. ಇದು ರಕ್ತದಿಂದ ಬಂದ ಪ್ರೀತಿಯಲ್ಲ, ಆಯ್ದುಕೊಂಡದ್ದು. ಹುಟ್ಟನ್ನು ಹಿಡಿದು ಹಂಗಿಸುವವರ ಸಭೆಯಲ್ಲಿ ದುರ್ಯೋಧನನು ಅವನನ್ನು ಅಂಗರಾಜ್ಯದ ದೊರೆಯನ್ನಾಗಿ ಮಾಡಿದ್ದನು. ಕರ್ಣನು ಕುಂತಿಯ ಮಗನೆಂಬುದು ತನಗೆ ತಿಳಿದಿತ್ತೆಂದು ರನ್ನನ ದುರ್ಯೋಧನನು ಗೆಳೆಯನ ಹೆಣದ ಮುಂದೆ ಹೇಳುತ್ತಾನೆ. ಈ ಮಾತಿಗೆ ಎರಡು ಮುಖಗಳಿವೆ. ವೈರಿಗಳ ಹಿರಿಯಣ್ಣನೆಂದು ತಿಳಿದೂ ಅವನನ್ನು ನಂಬಿದನಲ್ಲ, ಎಂತಹ ಗೆಳೆತನ ಎನಿಸುತ್ತದೆ. ತಿಳಿದೂ ಹೇಳದೆ, ಅಣ್ಣತಮ್ಮಂದಿರನ್ನು ಒಬ್ಬರ ಮೇಲೊಬ್ಬರು ಬಾಣ ಬಿಡುವಂತೆ ಮಾಡಿದನಲ್ಲ ಎಂದೂ ಎನಿಸುತ್ತದೆ. ಪ್ರೀತಿಯೊಳಗೆ ಸ್ವಾರ್ಥ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಗೆರೆ ಎಳೆದು ತೋರಿಸುವುದು ಸುಲಭವಲ್ಲ.

ಎದುರು ಪಕ್ಷದಲ್ಲಿಯೂ ಪ್ರೀತಿಯೇ ಇದೆ. ಭೀಮನ ಕೋಪದ ಬೇರು ದ್ರೌಪದಿಯ ಮೇಲಿನ ಒಲುಮೆಯಲ್ಲಿದೆ. ಸಭೆಯಲ್ಲಿ ಆಕೆಗಾದ ಅವಮಾನವನ್ನು ಅವನು ಹದಿಮೂರು ವರ್ಷ ನೆನಪಿನಲ್ಲಿಟ್ಟುಕೊಂಡಿದ್ದನು. ಅನ್ಯಾಯವನ್ನು ಕಂಡು ಸುಮ್ಮನಿರಲಾರದ ಪ್ರೀತಿ ಅದು. ಅದು ತಪ್ಪೆಂದು ಯಾರು ಹೇಳಿಯಾರು? ಆದರೂ ಆ ಪ್ರೀತಿಯೇ ಅವನಿಂದ ದುಶ್ಶಾಸನನ ಎದೆಯನ್ನು ಬಗೆಸಿತು. ಗದಾಯುದ್ಧದ ನಿಯಮವನ್ನು ಮುರಿಸಿ, ನಾಭಿಯ ಕೆಳಗೆ ಹೊಡೆಸಿತು.

ಹುಡುಗನ ಲೆಕ್ಕ ಏಳಕ್ಕೆ ಬಂದು ನಿಂತಿತು. ಇಷ್ಟೆಲ್ಲ ಪ್ರೀತಿಯಿದ್ದೂ ಕುರುಕ್ಷೇತ್ರ ಏಕೆ ನಡೆಯಿತು ಎಂಬುದು ಮಾತ್ರ ಅವನಿಗೆ ಬಗೆಹರಿಯಲಿಲ್ಲ.

ಆ ಬೇಸಿಗೆಯಲ್ಲಿಯೇ ಊರಿನ ಬಯಲಿನಲ್ಲಿ ಗದಾಯುದ್ಧದ ಆಟವಾಯಿತು. ಬಡಗುತಿಟ್ಟಿನ ಯಕ್ಷಗಾನಕ್ಕೆ ಈ ಸೀಮೆ ತವರಿದ್ದಂತೆ. 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರು ನೆರೆಯ ಹೊನ್ನಾವರ ತಾಲೂಕಿನವರು. ಅವರ ದುರ್ಯೋಧನನ ಪಾತ್ರವನ್ನು ಕಂಡ ಹಿರಿಯರು ಅದನ್ನು ಕುರಿತು ಮಕ್ಕಳಿಗೆ ಹೇಳುತ್ತಿದ್ದುದುಂಟು. ಓದು ಬರಹ ಅರಿಯದ ಹಳ್ಳಿಗರಿಗೂ ಮಹಾಭಾರತದ ಸೂಕ್ಷ್ಮಗಳನ್ನು ತಿಳಿಸಿಕೊಟ್ಟ ಶಾಲೆ ಈ ಬಯಲಾಟವೇ.

ಹುಡುಗನು ಅಜ್ಜಿಯೊಡನೆ ರಂಗಸ್ಥಳದ ಮುಂದೆ ಚಾಪೆ ಹಾಸಿ ಕುಳಿತನು. ಬಲಗಡೆಯ ತೆಂಗಿನ ಮರದ ಬುಡದಲ್ಲಿ ಅವನ ತಂದೆಯಿದ್ದನು. ಎಡಗಡೆಯ ಚಹದಂಗಡಿಯ ಬಳಿ ಚಿಕ್ಕಪ್ಪ ನಿಂತಿದ್ದನು. ಒಬ್ಬರು ಇನ್ನೊಬ್ಬರನ್ನು ಕಂಡೂ ಕಾಣದವರಂತಿದ್ದರು. ಇಬ್ಬರನ್ನೂ ಕಂಡವಳು ಅಜ್ಜಿ ಮಾತ್ರ.

ಭಾಗವತರ ಪದಕ್ಕೆ ಮದ್ದಳೆ ನುಡಿಯಿತು. ಗದೆಯನ್ನು ಹೆಗಲಿಗೇರಿಸಿದ ಕೌರವನು ಒಬ್ಬಂಟಿಯಾಗಿ ರಂಗಕ್ಕೆ ಬಂದನು. ಯಕ್ಷಗಾನದಲ್ಲಿ ಪದ ಭಾಗವತರದಾದರೂ ಮಾತು ವೇಷಧಾರಿಯದೇ. ಅದನ್ನು ಅವನು ಆಗಲೇ ಹುಟ್ಟಿಸಿಕೊಂಡು ಆಡಬೇಕು. ಅಂದಿನ ವೇಷಧಾರಿ ರನ್ನನನ್ನೂ ಓದಿಕೊಂಡವನಾಗಿರಬೇಕು. ಸಂಧಿಯ ಮಾತು ಬಂದಾಗ ಅವನ ಕೌರವನು ದನಿ ತಗ್ಗಿಸಿ, ತನ್ನ ಹೋರಾಟ ಈಗ ನೆಲಕ್ಕಾಗಿ ಅಲ್ಲವೆಂದೂ, ಕರ್ಣನಿಲ್ಲದ, ತಮ್ಮನಿಲ್ಲದ ನೆಲ ತನಗೆ ಹಾಳು ನೆಲವೆಂದೂ, ಇನ್ನು ಉಳಿದಿರುವುದು ಛಲವೊಂದೇ ಎಂದೂ ಹೇಳಿದನು. ಬಯಲಿಗೆ ಬಯಲೇ ಸ್ತಬ್ಧವಾಯಿತು. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದು ಯುದ್ಧಕ್ಕೆ ನಿಂತವನು, ಎಲ್ಲರನ್ನೂ ಕಳೆದುಕೊಂಡ ಮೇಲೆ, ಆ ನೆಲವೂ ತನಗೆ ಬೇಡವೆನ್ನುತ್ತಿದ್ದನು.

ಹುಡುಗನಿಗೆ ತನ್ನ ಪ್ರಶ್ನೆಯ ಉತ್ತರ ಅಲ್ಲಿ ಮಸಕಾಗಿ ಕಂಡಿತು. ದುರ್ಯೋಧನನಲ್ಲಿ ಪ್ರೀತಿ ಇರಲಿಲ್ಲವೆಂದಲ್ಲ. ಆ ಪ್ರೀತಿಗೆ ಒಂದು ಬೇಲಿ ಇತ್ತು. ಬೇಲಿಯೊಳಗಿನವರಿಗೆ ಪ್ರಾಣವನ್ನೇ ಕೊಡಬಲ್ಲವನು, ಬೇಲಿಯ ಹೊರಗಿನವರಿಗೆ ಒಂದು ಹಿಡಿ ಮಣ್ಣನ್ನೂ ಕೊಡಲಾರದವನಾದನು. ಬೇಲಿಯೊಳಗಿನವರು ಸತ್ತಾಗ ಅವರ ಮೇಲಿನ ಪ್ರೀತಿಯೇ ಛಲವಾಯಿತು. ಬದುಕಿರುವವರೊಡನೆ ಕೂಡಿ ಬಾಳುವ ದಾರಿಯನ್ನು ಮುಚ್ಚಿತು. ಅಭಿಮನ್ಯುವಿನ ಮುಂದೆ ಒಂದು ಗಳಿಗೆ ಆ ಬೇಲಿ ಮುರಿದಿತ್ತು. ಆದರೆ ಅಲ್ಲಿ ಪ್ರೀತಿಯನ್ನು ಪಡೆಯಬೇಕಾದವನು ಹೆಣವಾಗಿ ಬಿದ್ದಿದ್ದನು. ನೋಡುವವರು ಅಳುವುದು ದುಷ್ಟನಿಗಾಗಿ ಅಲ್ಲ. ಇಷ್ಟು ಪ್ರೀತಿಸಬಲ್ಲವನು ಹೀಗೆ ಹಾಳಾದನಲ್ಲಾ ಎಂಬುದಕ್ಕಾಗಿ.

ಚಂಡೆ ಮೊಳಗಿತು. ಸರೋವರದಿಂದ ಎದ್ದುಬಂದ ಕೌರವನು ಭೀಮನೊಡನೆ ಕಾದಾಡಿದನು. ತೊಡೆ ಮುರಿದು ನೆಲಕ್ಕೆ ಬಿದ್ದನು. ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಂಡಳು. ಮೊಮ್ಮಗನು ಅವಳ ಮುಖವನ್ನು ನೋಡಿದುದನ್ನು ಕಂಡು, ಯಾರಿಗೋ ಹೇಳುವಂತೆ ಮೆಲ್ಲಗೆ ನುಡಿದಳು: “ಸತ್ತವರಿಗಾಗಿ ಅಳುವ ಪ್ರೀತಿ ಎಲ್ಲರಿಗೂ ಇರ್ತದೆ, ಮಗಾ. ಇದ್ದವರಿಗೆ ಬಿಟ್ಟುಕೊಡುವುದೇ ಕಷ್ಟ.”

ಮರುದಿನ ಹುಡುಗನು ಈ ಮಾತನ್ನು ಮಾಸ್ತರರಿಗೆ ಹೇಳಿದಾಗ ಅವರು ಇನ್ನೊಂದು ನಾಟಕವನ್ನು ನೆನಪಿಸಿದರು. ಅದು ಸಂಸ್ಕೃತ ಕವಿ ಭಾಸನದೆಂದು ಹೇಳುವ ‘ಊರುಭಂಗ’. ಬಹುಕಾಲ ಕಣ್ಮರೆಯಾಗಿದ್ದ ಭಾಸನ ನಾಟಕಗಳನ್ನು ಟಿ. ಗಣಪತಿ ಶಾಸ್ತ್ರಿಗಳು ಕೇರಳದ ಓಲೆಗರಿಗಳಲ್ಲಿ ಕಂಡು, 1912ರಿಂದ ತಿರುವನಂತಪುರದಲ್ಲಿ ಅಚ್ಚುಹಾಕಿಸಿದರು. ಊರುಭಂಗದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಗೆ ಅವನ ಪುಟ್ಟ ಮಗ ದುರ್ಜಯನು ಬರುತ್ತಾನೆ. ಎಂದಿನಂತೆ ತಂದೆಯ ತೊಡೆಯನ್ನೇರಲು ಹೋಗುತ್ತಾನೆ. ಮಗುವಿಗೆ ಯುದ್ಧ ತಿಳಿಯದು, ಸೋಲು ತಿಳಿಯದು. ಅದಕ್ಕೆ ತಿಳಿದಿರುವುದು ತನ್ನ ಜಾಗವೊಂದೇ. ಆ ಜಾಗ ಈಗ ಇಲ್ಲವೆಂದು ತಂದೆ ಹೇಗೆ ಹೇಳಬೇಕು? ಸಾಯುವ ಮುನ್ನ ದುರ್ಯೋಧನನು ಮಗನಿಗೆ ಸೇಡಿನ ಮಾತನ್ನು ಹೇಳಿಕೊಡುವುದಿಲ್ಲ. ತನ್ನನ್ನು ಸೇವಿಸಿದಂತೆಯೇ ಪಾಂಡವರನ್ನು ಸೇವಿಸಬೇಕು, ಕುಂತಿಯ ಮಾತಿನಂತೆ ನಡೆಯಬೇಕು, ಅಭಿಮನ್ಯುವಿನ ತಾಯಿಯನ್ನೂ ದ್ರೌಪದಿಯನ್ನೂ ತಾಯಿಯೆಂದು ಗೌರವಿಸಬೇಕು ಎನ್ನುತ್ತಾನೆ. ಒಂದು ಬದುಕಿನುದ್ದಕ್ಕೂ ಕಾದುಕೊಂಡು ಬಂದ ಬೇಲಿಯನ್ನು ಅವನು ಕೊನೆಯ ಉಸಿರಿನಲ್ಲಿ ಮಗನಿಗಾಗಿ ತನ್ನ ಕೈಯಿಂದಲೇ ಕಿತ್ತುಹಾಕುತ್ತಾನೆ. “ಎಂಟನೆಯದನ್ನೂ ಬರೆದುಕೋ” ಎಂದರು ಮಾಸ್ತರರು.

ಆಟ ಮುಗಿದ ಬೆಳಗಿನಲ್ಲಿ ನಡೆದುದನ್ನು ಮಾತ್ರ ಹುಡುಗನು ಮಾಸ್ತರರಿಗೆ ಹೇಳಿರಲಿಲ್ಲ. ಮಂಗಳದ ಪದ ಮುಗಿದು ಜನ ಚದುರಿದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಮನೆಯ ದಾರಿಯಲ್ಲಿ ಹಳ್ಳಕ್ಕೆ ಅಡ್ಡವಾಗಿ ಅಡಿಕೆಮರದ ಕಿರಿದಾದ ಸಂಕವಿತ್ತು. ಅಜ್ಜಿ ಅದರ ಮುಂದೆ ನಿಂತಳು. ಮುಂದೆ ದಾಟಿದ್ದ ಹಿರಿಯ ಮಗನು ತಿರುಗಿ ಕೈನೀಡಿದನು. ಹಿಂದಿನಿಂದ ಬಂದ ಕಿರಿಯ ಮಗನು ಆಕೆಯ ತೋಳನ್ನು ಹಿಡಿದನು. ಸಂಕ ದಾಟುವವರೆಗೆ ಇಬ್ಬರೂ ಕೈಬಿಡಲಿಲ್ಲ, ಮಾತನ್ನೂ ಆಡಲಿಲ್ಲ. ದಾಟಿದ ಮೇಲೆ ಅಜ್ಜಿ, “ಮಳೆಗಾಲ ಹತ್ತಿರ ಬಂತು” ಎಂದಷ್ಟೇ ಹೇಳಿದಳು.

ಅವರ ಮೊಕದ್ದಮೆ ಅಂದೇ ಮುಗಿಯಿತೆಂದು ಹೇಳಿದರೆ ಅದು ಸುಳ್ಳಾದೀತು. ಅದು ಮತ್ತೆ ಕೆಲಕಾಲ ನಡೆಯಿತು. ಆದರೆ ಮುಂದಿನ ಅಮಾವಾಸ್ಯೆಯ ಮೊದಲು, ಒಂದು ಇಳಿತದ ಹೊತ್ತಿನಲ್ಲಿ, ಒಡೆದ ಒಡ್ಡಿನ ಬಳಿ ಇಬ್ಬರು ಕೆಸರು ಹೊತ್ತು ಹಾಕುತ್ತಿದ್ದುದನ್ನು ಊರವರು ಕಂಡರು. ಒಬ್ಬನು ಈ ತುದಿಯಿಂದ, ಇನ್ನೊಬ್ಬನು ಆ ತುದಿಯಿಂದ ಕಟ್ಟುತ್ತಾ ಬಂದಿದ್ದರು. ಸಂಜೆಯ ಉಬ್ಬರ ಏರುವುದರೊಳಗೆ ಎರಡು ತುದಿಗಳೂ ಕೂಡಿಕೊಂಡವು. ಆ ವರ್ಷ ಗಜನಿಯಲ್ಲಿ ಕಗ್ಗ ಮೊಳಕೆಯೊಡೆಯಿತು.